ಸಕ್ಕರೆ ಕಾಯಿಲೆಯವರ ಪಾದಯಾತ್ರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 54 ವರ್ಷ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಸೇರಿರುವ ಮಾತ್ರೆಯನ್ನು ದಿನಕ್ಕೆರಡು ಸಲ ನುಂಗುತ್ತೇನೆ. ದಿನಾ ಮೂರು ಕಿ.ಮೀ. ನಡೆಯುವ ಅಭ್ಯಾಸವಿದೆ. ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗಬೇಕೆಂಬ ಆಸೆ. ಮನೆಯವರು ಬೇಡ ಅನ್ನುತ್ತಾರೆ. ಹೋಗಬಹುದೇ?

ಉತ್ತರ: ನಾಲ್ಕೈದು ತಿಂಗಳು ಮೊದಲೇ ತಯಾರಿ ಶುರು ಮಾಡುವುದಾದರೆ ಹೋಗಬಹುದು. ಅದಕ್ಕೂ ಮುಂಚೆ ಕಣ್ಣಿನ ಅಕ್ಷಿಪಟಲ, ಹೃದಯ, ಮೂತ್ರಪಿಂಡದ ಪರೀಕ್ಷೆ ಆಗಲಿ. ಪಾದಕ್ಕೆ ಸ್ಪರ್ಶ ಗೊತ್ತಾಗುತ್ತದೆಯೇ ಎಂಬುದನ್ನು ವೈದ್ಯರು ನೈಲಾನ್ ಎಳೆಯಿಂದ ಮುಟ್ಟಿ ನೋಡುತ್ತಾರೆ. ಅದನ್ನಂತೂ ಕೇಳಿ ಮಾಡಿಸಿಕೊಳ್ಳಿ.

ದಾರಿ ಸುಮಾರು 300 ಕಿ.ಮೀ. ತಂಡದವರು ದಿನಕ್ಕೆ 35 ಕಿ.ಮೀ. ನಡೆಯುತ್ತಾರೆಂದು ನೀವೂ ನಡೆಯಬೇಕಿಲ್ಲ. ಮೂರ್ನಾಲ್ಕು ದಿನ ಮೊದಲೇ ಹೊರಟು ದಿನಕ್ಕೆ 25 ಇಟ್ಟುಕೊಳ್ಳಿ. ತಯಾರಿಯಲ್ಲಿ ವಾರದ ನಡುವೆ ನಾಲ್ಕು ದಿನ 5 ಕಿ.ಮೀ. ಸಾಕು. ಭಾನುವಾರದ ನಡಿಗೆಯನ್ನು 6 ಕಿ.ಮೀ.ನಿಂದ ಆರಂಭಿಸಿ ವಾರಕ್ಕೆ ಎರಡೆರಡು ಹೆಚ್ಚಿಸಿ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಭಾನುವಾರ 20 ದಾಟಿದ ಮೇಲೆ ಶನಿವಾರವೂ ಅಷ್ಟೇ ನಡೆದು ನೋಡಿ. ಮಂಡಿ, ಹಿಮ್ಮಡಿ ನಿಜ ಹೇಳುವುದು ಎರಡನೇ ದಿನ.

ಈಗ ನಿಮ್ಮ ಮಾತ್ರೆಯ ವಿಷಯ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ನೀವು ಉಂಡಿರಲಿ, ಬಿಟ್ಟಿರಲಿ, ಅದು ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಅತ್ತ ನಡೆಯುವ ಸ್ನಾಯುಗಳೂ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಖಾಲಿಯಾದ ದಾಸ್ತಾನನ್ನು ರಾತ್ರಿಯಿಡೀ ತುಂಬಿಕೊಳ್ಳುತ್ತವೆ. ಹಾಗಾಗಿ ಹಗಲು ಚೆನ್ನಾಗಿ ನಡೆದವರಿಗೂ ಛತ್ರದಲ್ಲಿ ಮಲಗಿದ ಮೇಲೆ, ನಡುರಾತ್ರಿ, ಸಕ್ಕರೆ ಕುಸಿಯಬಹುದು. ಪ್ರಮಾಣ ಎಷ್ಟು ತಗ್ಗಿಸಬೇಕೆಂದು ನಿಮ್ಮ ವೈದ್ಯರನ್ನು ಕೇಳಿ, ಭಾನುವಾರದ ನಡಿಗೆಗಳಲ್ಲೇ ಪರೀಕ್ಷಿಸಿ. ನೀವಾಗಿಯೇ ನಿಲ್ಲಿಸಬೇಡಿ. ಹೊರಡುವ ಮುನ್ನ, ನಡುವೆ ಎರಡು ಗಂಟೆಗೊಮ್ಮೆ, ಮಲಗುವ ಮುನ್ನ ಗ್ಲೂಕೋಮೀಟರಿನಲ್ಲಿ ನೋಡಿ. ಮಲಗುವಾಗ 100ಕ್ಕಿಂತ ಕಡಿಮೆ ಇದ್ದರೆ ಬಾಳೆಹಣ್ಣಿನ ಜೊತೆ ಒಂದು ಲೋಟ ಹಾಲು ಕುಡಿದು ಮಲಗಿ.

ಬೆವರು, ನಡುಕ, ಎದೆ ಹೊಡೆದುಕೊಳ್ಳುವುದು ಸಕ್ಕರೆ ಇಳಿದ ಲಕ್ಷಣ. ಬಿಸಿಲಲ್ಲಿ ಇದು ಬರೀ ಆಯಾಸ ಅನ್ನಿಸಿ ಮುಂದೆ ನಡೆದುಬಿಡುತ್ತಾರೆ. ಹಾಗೆ ಮಾಡಬೇಡಿ, ಕೂತು ನೋಡಿಕೊಳ್ಳಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರಿಲ್ಲದಿದ್ದರೆ ಇನ್ನೊಂದು ಸಲ. ಏರಿದ ಮೇಲೆ ಊಟ. ಕಡಲೆಬೀಜದ ಚಿಕ್ಕಿ, ಲಾಡು ಆ ಹೊತ್ತಿಗೆ ಆಗಿಬರುವುದಿಲ್ಲ. ಕೊಬ್ಬಿನಂಶದಿಂದ ಸಕ್ಕರೆ ತಡವಾಗಿ ಏರುತ್ತದೆ. ಸಕ್ಕರೆ ಪೊಟ್ಟಣ, ಮೀಟರು ನಿಮ್ಮ ಮೈಮೇಲೇ ಇರಲಿ. ಲಗೇಜಿನ ಟೆಂಪೋದಲ್ಲಿ ಹಾಕಿದರೆ ಬೇಕಾದಾಗ ಅದು ಹತ್ತು ಕಿ.ಮೀ. ಮುಂದಿರುತ್ತದೆ.

ದಾರಿಯುದ್ದಕ್ಕೂ ಭಕ್ತರು ಪ್ರೀತಿಯಿಂದ ಪಾನಕ, ಕೇಸರಿಭಾತ್ ಕೊಡುತ್ತಾರೆ. ಒಂದೊಂದು ಚಮಚ ಪ್ರಸಾದವೆಂದು ತಗೊಳ್ಳಿ. ಅದರಲ್ಲೇ ಹೊಟ್ಟೆ ತುಂಬಿಸಿ ಊಟ ಬಿಟ್ಟರೆ ಮೊದಲು ಸಕ್ಕರೆ ಏರಿ, ಸಂಜೆಗೆ ಕುಸಿಯುತ್ತದೆ.

ಪ್ರಶ್ನೆ: ಬರಿಗಾಲಲ್ಲಿ ಬರುತ್ತೇನೆಂದು ಅಮ್ಮ ಹರಕೆ ಹೊತ್ತಿದ್ದಾರೆ. ಅವರಿಗೂ ಸಕ್ಕರೆ ಇದೆ, ಪಾದ ಸ್ವಲ್ಪ ಜೋಮು.

ಉತ್ತರ: ಖಂಡಿತ ಬೇಡ. ಜೋಮು ಹಿಡಿದ ಪಾದಕ್ಕೆ ಕಾದ ಡಾಂಬರು ಸುಟ್ಟದ್ದೂ ಗೊತ್ತಾಗುವುದಿಲ್ಲ, ಮುಳ್ಳು ಹೊಕ್ಕದ್ದೂ ಗೊತ್ತಾಗುವುದಿಲ್ಲ. ಆ ಗಾಯ ಕೀವಾಗಿ ಮೂಳೆಗೆ ಇಳಿದರೆ ಬೆರಳು ತೆಗೆಯುವವರೆಗೂ ಹೋಗುತ್ತದೆ. ಮೊದಲು ವೈದ್ಯರು ಪಾದ ನೋಡಿ ಒಪ್ಪಲಿ. ಒಪ್ಪಿದರೆ ಶೂ ಹಾಕಿಕೊಂಡೇ ನಡೆಯಲಿ. ಪಾದ ಊದಿರುವ ಸಂಜೆ ಹೊತ್ತಿನಲ್ಲಿ ಶೂ ಕೊಳ್ಳಿ; ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ. ಚಾರ್ಮಾಡಿ ಘಾಟಿ ಇಳಿಯುವಾಗ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುವುದು ಈ ಜಾಗ ಇಲ್ಲದ್ದರಿಂದ. ಇಳಿಜಾರಿನಲ್ಲಿ ಕಣಕಾಲಿನ ಹತ್ತಿರ ಲೇಸ್ ಬಿಗಿ ಮಾಡಿ. ಹಾಕುವ ಮುನ್ನ ಶೂ ಒಳಗೆ ಕೈಯಾಡಿಸಿ ನೋಡಿ. ಕಾಲುಚೀಲವನ್ನು ಮಧ್ಯಾಹ್ನ ಬದಲಿಸಿ.

ದಿನಾ ಸಂಜೆ ಅವರ ಅಂಗಾಲನ್ನು ನೀವೇ ಟಾರ್ಚ್ ಬಿಟ್ಟು ನೋಡಿ. ಗುಳ್ಳೆ ಎದ್ದಿದ್ದರೆ ಸೂಜಿ ಚುಚ್ಚದೆ ಮೆತ್ತನೆಯ ಡ್ರೆಸಿಂಗ್ ಹಾಕಿ. ಒಡೆದಿದ್ದರೆ ತೊಳೆದು ಕಟ್ಟಿ, ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ. ಮಾಯುವವರೆಗೆ ನಡಿಗೆ ಬೇಡ. ಕೆಂಪು ಹರಡಿದರೆ, ಜ್ವರ ಬಂದರೆ ಅವತ್ತೇ ಆಸ್ಪತ್ರೆ. ಆಣಿಗೆ ಹಚ್ಚುವ ಕಾರ್ನ್ ಕ್ಯಾಪ್ ಬೇಡ, ಅದರ ಆಮ್ಲ ಒಳ್ಳೆ ಚರ್ಮವನ್ನೂ ಸುಡುತ್ತದೆ. ಬಿಸಿನೀರಲ್ಲಿ ಕಾಲಿಡುವುದೂ ಬೇಡ. ಬಿಸಿ ಎಷ್ಟೆಂದು ಆ ಪಾದಕ್ಕೆ ತಿಳಿಯದು.

ಪ್ರಶ್ನೆ: ಇನ್ಸುಲಿನ್ ಒಯ್ಯುವುದು ಹೇಗೆ?

ಉತ್ತರ: ಬಳಸುತ್ತಿರುವ ಬಾಟಲಿ 30 ಡಿಗ್ರಿಯೊಳಗೆ ಸಾಮಾನ್ಯವಾಗಿ 28 ದಿನ ತಡೆಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿದ ಸಣ್ಣ ಮಡಕೆಯಲ್ಲಿಡಿ. ನೇರ ಮಂಜುಗಡ್ಡೆಯ ಮೇಲಿಡಬೇಡಿ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ನಡೆಯುವ ಮುಂಚೆ ತೊಡೆಗೆ ಚುಚ್ಚಿದರೆ ಬೇಗ ಹೀರಿಕೊಳ್ಳುತ್ತದೆ, ಹೊಟ್ಟೆಗೆ ಚುಚ್ಚಿಕೊಳ್ಳಿ.