ಅತ್ತೆಯ ಠೇವಣಿ, ಆರೋಪಿಯ ವಕಾಲತ್ತು

ಪ್ರಶ್ನೆ: ನನಗೆ 27 ವರ್ಷ, ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗದಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್. ಹಣಕಾಸು ವಂಚನೆ ಕೇಸುಗಳಲ್ಲಿ ಆರೋಪಿಗಳ ಪರ ವಾದಿಸುವುದೇ ನಮ್ಮ ಆಫೀಸಿನ ಮುಖ್ಯ ಕೆಲಸ. ಈಗ ನಮ್ಮೂರ ಸೊಸೈಟಿಯ ಮಾಜಿ ಕಾರ್ಯದರ್ಶಿಯ ಕೇಸು ಬಂದಿದೆ. ಅಡಿಕೆ ಮಾರಿದ ದುಡ್ಡನ್ನು ನನ್ನ ಸೋದರತ್ತೆ ಅಲ್ಲೇ ಇಟ್ಟು ಕಳೆದುಕೊಂಡಿದ್ದಾರೆ. 'ಕಳ್ಳರ ವಕೀಲ' ಅಂತ ಅಪ್ಪ ಮಾತು ಬಿಟ್ಟಿದ್ದಾರೆ. ಈ ಕೆಲಸವನ್ನೇ ಬಿಡಲೇ?

ಉತ್ತರ: ಕೆಲಸ ಬಿಡಬೇಡಿ. ಈ ಕೇಸು ಬಿಡಿ.

ಮೊದಲು ಕೇಸಿನ ಮಾತು. ಕಕ್ಷಿದಾರನ ಎದುರು ಪಕ್ಷದವರ ಜೊತೆ ನಮಗೆ ಸಂಬಂಧ ಇದ್ದರೆ ಮೊದಲೇ ಬಿಚ್ಚಿ ಹೇಳಬೇಕು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಇದೆ. ನಾಳೆಯೇ ಸೀನಿಯರ್‌ಗೆ ಹೇಳಿ. ಅವರು ಮುಖ ಗಂಟು ಹಾಕಬಹುದು, ಹಾಕಲಿ. ವಿಷಯ ಕೋರ್ಟಿನಲ್ಲಿ ಬೇರೆಯವರ ಬಾಯಿಂದ ಬಂದರೆ ಅದಕ್ಕಿಂತ ಕಷ್ಟ. ಇಷ್ಟರಲ್ಲಿ ಫೈಲಿನ ಒಂದು ಹಾಳೆ ಓದಿದ್ದರೂ ಅದರ ಸುದ್ದಿ ಅತ್ತೆಯ ಮನೆ ಜಗಲಿ ತಲುಪಬಾರದು. ಅತ್ತೆಗೆ ಸಲಹೆಯನ್ನೂ ನೀವು ಕೊಡಬೇಡಿ. ಅವರು ಬೇರೆ ವಕೀಲರನ್ನು ನೋಡಲಿ. ಕಾರ್ಯದರ್ಶಿ ಜೈಲಿಗೆ ಹೋದ ಮಾತ್ರಕ್ಕೆ ಠೇವಣಿ ವಾಪಸ್ ಬರುವುದಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರಲ್ಲಿ ವಿಚಾರಣೆಗೆ 64ನೇ ಕಲಂ, ನಷ್ಟ ಮಾಡಿದವರಿಂದ ವಸೂಲಿಗೆ 69ನೇ ಕಲಂ ಬೇರೆಯೇ ಇವೆ.

ಇನ್ನು 'ಕಳ್ಳರ ವಕೀಲ'. ನಾನೂ ಕರಿ ಕೋಟು ಹಾಕಿದವಳೇ, ಈ ಬಿರುದು ನನಗೂ ಸಿಕ್ಕಿತ್ತು. ಆರೋಪಿ ತಪ್ಪು ಮಾಡಿದ್ದಾನೆ ಅಂತ ನಿಮಗೆ ಅನ್ನಿಸಿದರೂ ಅವನ ಪರ ನಿಲ್ಲಬೇಕು ಅನ್ನುತ್ತವೆ ಅದೇ ನಿಯಮಗಳು. ಸೊಸೈಟಿ ಕೇಸುಗಳಲ್ಲಿ ಇದು ಸುಮ್ನೆ ಹೇಳಿದ ಮಾತಲ್ಲ. ಸೊಸೈಟಿ ಮುಳುಗಿತು ಅಂದ ತಕ್ಷಣ ಕಾರ್ಯದರ್ಶಿ, ನಿರ್ದೇಶಕರು, ಗುಮಾಸ್ತ ಎಲ್ಲರ ಹೆಸರೂ ಒಂದೇ ದೂರಿನಲ್ಲಿ ಬಂದುಬಿಡಬಹುದು. ನಂಬಿ ಒಪ್ಪಿಸಿದ ದುಡ್ಡು ನುಂಗಿದ್ದಕ್ಕೆ ಹಾಕುತ್ತಿದ್ದ ಐಪಿಸಿಯ 409ನೇ ಕಲಂ ಸಾಬೀತಾದರೆ ಜೀವಾವಧಿಯವರೆಗೂ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಹಾಗೇ ಇದೆ. ದೊಡ್ಡವರು 'ಇಲ್ಲಿ ಸೈನ್ ಹಾಕು' ಅಂದಾಗ ಹಾಕಿದ ಗುಮಾಸ್ತನೂ ಅದೇ ಕಟಕಟೆಯಲ್ಲಿ ನಿಲ್ಲುತ್ತಾನೆ. ಯಾರು ದುಡ್ಡು ತಿಂದರು, ಯಾರು ಲೆಕ್ಕ ತಪ್ಪಿದರು, ಯಾರ ಸಾಲ ನಿಜವಾಗಿಯೂ ಮುಳುಗಿತು? ವೋಚರ್, ದಿನವಹಿ, ಆಡಿಟ್ ವರದಿ ಹರಡಿಕೊಂಡು ಕೂರಬೇಕು. ನಿಮ್ಮ ಮನೆಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ಗೊರಬಲು ಅಂತ ದರ್ಜೆ ನೋಡಿ ಆರಿಸುತ್ತಾರಲ್ವಾ, ಅಷ್ಟೇ ತಾಳ್ಮೆ ಬೇಕು. ಕಾನೂನಿಗಿಂತ ಲೆಕ್ಕ ಓದುವುದನ್ನು ಜಾಸ್ತಿ ಕಲಿಯಿರಿ.

ಆದರೆ ಹಳೇ ತಾರೀಖು ಹಾಕಿ ಠರಾವು ಬರೆಸಲು, ತೋಟ ಹೆಂಡತಿ ಹೆಸರಿಗೆ ಮಾಡಿಸಲು ಯಾವನಾದರೂ ಕಕ್ಷಿದಾರ ನಿಮ್ಮನ್ನು ಕೇಳಿದರೆ, ಆ ಫೈಲು ಅಲ್ಲೇ ಮುಚ್ಚಿ.

ಅಪ್ಪನಿಗೆ ಸಂವಿಧಾನದ ಪಾಠ ಹೇಳಲು ಹೋಗಬೇಡಿ. ಕೊಯ್ಲಿನ ಹೊತ್ತಿಗೆ ಊರಿಗೆ ಹೋಗಿ, ಅವರ ಪಕ್ಕ ಒಂದು ಮೆಟ್ಟುಕತ್ತಿ ಹಾಕಿಕೊಂಡು ಕೂತು ಅಡಿಕೆ ಸುಲಿಯಿರಿ. 'ಆ ಕೇಸು ಬಿಟ್ಟೆ ಅಪ್ಪ' ಅಂತಷ್ಟೇ ಹೇಳಿ. ಉಳಿದದ್ದನ್ನು ಅವರಾಗಿ ಕೇಳಿದಾಗ ಹೇಳಿದರಾಯಿತು.