ಕೆಂಪು, ನೀಲಿ ಬೆರೆಸಿದರೆ ನೇರಳೆ ಬದಲು ಕೆಸರು ಬಣ್ಣ ಬರುತ್ತಿದೆ. ವರ್ಣಚಕ್ರ ಬಾಯಿಪಾಠ ಮಾಡಲೋ, 36 ಬಣ್ಣದ ಸೆಟ್ ಕೊಳ್ಳಲೋ?

ಎರಡೂ ಬೇಡ. ವರ್ಣಚಕ್ರ ಬರೆದು ಗೋಡೆಗೆ ಅಂಟಿಸಿಕೊಂಡೂ ಇದೇ ಕೆಸರು ಕಲೆಸಿದವಳು ನಾನು. ನೇರಳೆ ಹಣ್ಣು ಬರೆಯಹೋದರೆ ಪ್ರತಿ ಸಲ ಗೋಣಿಚೀಲದ ಬಣ್ಣ.

ತಪ್ಪು ಒಂದೇ. ಟ್ಯೂಬಿನ ಮುಂದಿದ್ದ ದೊಡ್ಡ ಹೆಸರು ಓದುತ್ತಿದ್ದೆ, ಹಿಂದಿನ ಸಣ್ಣಕ್ಷರದ ಪಿಗ್ಮೆಂಟ್ ಸಂಖ್ಯೆ ಓದುತ್ತಿರಲಿಲ್ಲ. ಪಿಗ್ಮೆಂಟ್ ಎಂದರೆ ಬಣ್ಣ ಕೊಡುವ ಮೂಲ ಪುಡಿ; ಪಿಆರ್, ಪಿಬಿ, ಪಿವಿ, ಪಿವೈ (PR, PB, PV, PY) ಎಂದರೆ ಕೆಂಪು, ನೀಲಿ, ನೇರಳೆ, ಹಳದಿ ಪಿಗ್ಮೆಂಟ್. ನನ್ನ ಕೆಂಪು ಕ್ಯಾಡ್ಮಿಯಂ, ಪಿಆರ್ 108: ಕಿತ್ತಳೆಯತ್ತ ವಾಲಿದ್ದು, ನೀಲಿ ಬೆಳಕನ್ನು ನುಂಗಿಬಿಡುತ್ತದೆ. ನೀಲಿ ಥ್ಯಾಲೋ, ಪಿಬಿ 15: ಹಸಿರಿನತ್ತ ವಾಲಿದ್ದು, ಕೆಂಪು ಬೆಳಕನ್ನು ನುಂಗುತ್ತದೆ. ಅದು ನೀಲಿಯನ್ನು ತಿಂದಿತು, ಇದು ಕೆಂಪನ್ನು ತಿಂದಿತು. ನೇರಳೆಗೆ ಬೇಕಾದ್ದು ಆ ಎರಡೇ. ಇನ್ನು ಕಣ್ಣಿಗೆ ಬರುವುದೇನು? ಇನ್ನಷ್ಟು ನೀಲಿ ಹಾಕಿದೆ, ಕೆಸರು ಕಪ್ಪಾಯಿತು. ಬಿಳಿ ಹಾಕಿದೆ, ಬೂದಿಯಾಯಿತು. ಕೈಯ ದೋಷವಲ್ಲ, ಆ ಜೋಡಿಯಲ್ಲಿ ನೇರಳೆಯೇ ಇಲ್ಲ. ಗುಲಾಬಿಯತ್ತ ವಾಲಿದ ಕೆಂಪು ಕ್ವಿನಾಕ್ರಿಡೋನ್ ರೋಸ್ (ಪಿವಿ 19) ಜೊತೆ ನೇರಳೆಯತ್ತ ವಾಲಿದ ನೀಲಿ ಅಲ್ಟ್ರಾಮರೀನ್ (ಪಿಬಿ 29) ಬೆರೆಸಿ ನೋಡಿ, ಮೊದಲ ಸಲಕ್ಕೇ ಬರುತ್ತದೆ. ಕ್ಯಾಡ್ಮಿಯಂ ಎಸೆಯಬೇಡಿ, ಕಿತ್ತಳೆಗೆ ಅದೇ ಬೇಕು.

ದೊಡ್ಡ ಸೆಟ್ಟುಗಳ ಎಷ್ಟೋ ಟ್ಯೂಬುಗಳಲ್ಲಿ ಮೊದಲೇ ಎರಡು ಮೂರು ಪಿಗ್ಮೆಂಟ್ ಬೆರೆತಿರುತ್ತವೆ. ಅಂಥವೆರಡನ್ನು ಕಲೆಸಿದರೆ ಐದಾರು ಪಿಗ್ಮೆಂಟಿನ ಗೊಜ್ಜು. ಹೆಸರಿನ ಕೊನೆಗೆ 'ಹ್ಯೂ' (Hue) ಎಂದಿದ್ದರೆ ಅಸಲು ಪಿಗ್ಮೆಂಟಿನ ಬದಲು ಬೇರೇನೋ ಇದೆ ಎಂದರ್ಥ. ಒಂದೊಂದೇ ಪಿಗ್ಮೆಂಟಿನ ಆರು ಟ್ಯೂಬ್ ಸಾಕು: ಮೇಲಿನ ನಾಲ್ಕು, ಜೊತೆಗೆ ನಿಂಬೆ ಹಳದಿ ಪಿವೈ 3, ಬೆಚ್ಚನೆ ಹಳದಿ ಪಿವೈ 65. ಏಳನೆಯದು ಬೇಕೆಂದರೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು. ಅಲ್ಟ್ರಾಮರೀನ್ ಜೊತೆ ಒಳ್ಳೆಯ ಬೂದು ಕೊಡುತ್ತದೆ.

ಪ್ರತಿ ಜೋಡಿಗೂ ಐದು ಚೌಕ ಬರೆಯಿರಿ, ಒಂದು ತುದಿಯ ಬಣ್ಣ ಮೆಲ್ಲಗೆ ಇನ್ನೊಂದು ತುದಿಯ ಬಣ್ಣಕ್ಕೆ ತಿರುಗುವಂತೆ. ತಿಳಿ ಬಣ್ಣಕ್ಕೆ ಗಾಢವನ್ನು ಸೇರಿಸಿ, ತಿರುಗುಮುರುಗು ಬೇಡ. ಥ್ಯಾಲೋ ಬಲು ಜೋರು: ಅವರೆಕಾಳಿನಷ್ಟು ಹಳದಿಗೆ ಸಾಸಿವೆಯಷ್ಟು ಸಾಕು. ಒಣಗುವ ಮುನ್ನ ತೀರ್ಪು ಕೊಡಬೇಡಿ. ಜಲವರ್ಣ ಒಣಗಿದರೆ ತಿಳಿಯಾಗುತ್ತದೆ, ಅಕ್ರಿಲಿಕ್ ಗಾಢವಾಗುತ್ತದೆ.

ಚಿತ್ರ ಸಪ್ಪೆ ಎನಿಸಿದರೆ ಬಣ್ಣ ಬದಲಿಸುವ ಮೊದಲು ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದು ನೋಡಿ. ಎಲ್ಲ ಒಂದೇ ಬೂದಾಗಿ ಕಂಡರೆ ಕೊರತೆ ಇರುವುದು ಗಾಢ, ತಿಳಿಗಳ ಅಂತರದಲ್ಲಿ, ಬಣ್ಣದಲ್ಲಲ್ಲ. ಪರದೆಯ ಮೇಲೆ ಕೆಲಸ ಮಾಡುವವರಿಗೆ ಲೆಕ್ಕವೇ ಬೇರೆ, ಅಲ್ಲಿ ಬೆರೆಯುವುದು ಬೆಳಕು. ಕೆಂಪು, ಹಸಿರು ಸೇರಿದರೆ ಹಳದಿ.

ನೇರಳೆಗೆಂದು ಅಂಗಡಿಯವರು ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಕೊಟ್ಟರೆ ಸಂಖ್ಯೆ ನೋಡಿ. ಪಿಆರ್ 83 ಆಗಿದ್ದರೆ ವಾಪಸ್ ಕೊಡಿ; ಬೆಳಕಿಗೆ ಮಾಸುತ್ತದೆ.