ಪ್ರತಿಕ್ರಿಯೆ: ನಮ್ಮ ರಾಜ್ಯ ಲಾಂಛನದ ಎರಡು ತಲೆಯ ಹಕ್ಕಿ ಯುರೋಪಿನದ್ದಾ?

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನಡುವಿನ ಹಕ್ಕಿ ಜರ್ಮನಿ, ರಷ್ಯಾ ಕಡೆಯ ಹದ್ದಿನ ನಕಲಾ, ಅಕ್ಕಪಕ್ಕ ಇರೋದು ಸಿಂಹವಾ ಆನೆಯಾ ಅಂತ ತಾನೇ?

ಹಕ್ಕಿ ಗಂಡಭೇರುಂಡ, ಖಂಡಿತ ನಮ್ಮದೇ. ಶಿಕಾರಿಪುರದ ಹತ್ತಿರ ಬಳ್ಳಿಗಾವೆಯಲ್ಲಿ 1047ರ ಭೇರುಂಡೇಶ್ವರ ಕಂಬ ಇದೆ. ಅಲ್ಲಿ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಂತೂ ಕೊಕ್ಕು, ಉಗುರು ಎರಡರಲ್ಲೂ ಆನೆಗಳನ್ನು ಹಿಡಿದಿದೆ! ಬೆರಳ ತುದಿಯಷ್ಟು ಚಿನ್ನದಲ್ಲಿ ಅಷ್ಟನ್ನೂ ಕೂರಿಸಿದ ಅಕ್ಕಸಾಲಿಗನಿಗೆ ಕೈ ಮುಗಿಯಬೇಕು. ಮುಂದೆ ಮೈಸೂರು ಒಡೆಯರ ಲಾಂಛನವಾಯಿತು, ಅಲ್ಲಿಂದ ರಾಜ್ಯಕ್ಕೆ ಬಂತು.

ಆದರೆ ಜೋಡಣೆ ಯುರೋಪಿನದ್ದು. ನಡುವೆ ಗುರಾಣಿ, ಅದರ ತಲೆಯ ಮೇಲೆ ಕಿರೀಟದ ಹಾಗೆ ಇನ್ನೊಂದು ಚಿಹ್ನೆ, ಎರಡೂ ಬದಿ ಗುರಾಣಿ ಹಿಡಿದು ನಿಂತ ಪ್ರಾಣಿ. ಬ್ರಿಟನ್ನಿನಲ್ಲಿ ಆ ಜಾಗದಲ್ಲಿ ಸಿಂಹ ಮತ್ತು ಒಂಟಿ ಕೊಂಬಿನ ಕುದುರೆ ಇವೆ. ನಮ್ಮಲ್ಲಿ ಗಜಕೇಸರಿ: ಸಿಂಹದ ಮೈ, ಆನೆಯ ತಲೆ. ಹಾಗಾಗಿ ನಿಮ್ಮ ಎರಡೂ ಊಹೆ ಅರ್ಧರ್ಧ ಸರಿ.

ಎರಡು ತಲೆಯ ಹದ್ದು ಯುರೋಪಿನಲ್ಲೇ ಹುಟ್ಟಿದ್ದೂ ಅಲ್ಲ. ಈಗಿನ ಟರ್ಕಿಯಲ್ಲಿ ಹಿಟ್ಟೈಟ್ ಜನ ಕ್ರಿಸ್ತಪೂರ್ವದಲ್ಲೇ ಅದನ್ನು ಕಲ್ಲಲ್ಲಿ ಕೆತ್ತಿದ್ದಾರೆ. ಸುಮ್ನೆ ಹೋಲಿಕೆ ನೋಡಿ ನಕಲು ಅನ್ನೋದು ತಪ್ಪು.

ನೀವು ಬೆಂಗಳೂರಲ್ಲೇ ಇದ್ದೀರಿ ಅಲ್ವಾ? ಮೆಜೆಸ್ಟಿಕ್‌ಗೆ ಹೋದಾಗ ಕೆಎಸ್‌ಆರ್‌ಟಿಸಿ ಬಸ್ಸಿನ ಲಾಂಛನ ಗಮನಿಸಿ. ಅಲ್ಲೂ ಗಂಡಭೇರುಂಡ ಇದೆ.